ತೋಡಿಗೆ ಮೀನು ಬಿಡುವ ಮೊದಲು: ಊರವರೆಲ್ಲ ಕೂತು ಮಾಡುವ ಪ್ಲಾನ್

ಮೊದಲ ವರ್ಷ ನಾವು ಮಾಡಿದ್ದು ಇಷ್ಟೇ. ದುಡ್ಡು ಒಟ್ಟು ಮಾಡಿದೆವು, ಕಾಟ್ಲಾ-ರೋಹು ಮರಿ ತರಿಸಿದೆವು, ಮೇ ತಿಂಗಳ ಕೊನೆಗೆ ತೋಡಿನ, ಅಂದರೆ ಊರಿನ ಸಣ್ಣ ಹಳ್ಳದ, ಆಳದ ಕಯಕ್ಕೆ ಸುರಿದೆವು, ವಾರ್ಡ್ ಮೆಂಬರನ್ನು ಮಧ್ಯದಲ್ಲಿ ನಿಲ್ಲಿಸಿ ಫೋಟೊ ತೆಗೆದೆವು. ಹತ್ತೇ ದಿನಕ್ಕೆ ಮಳೆ ಹಿಡಿಯಿತು. ಕೆಂಪು ನೀರು ಬಂದು ಮರಿಗಳನ್ನೆಲ್ಲ ಶಿರಿಯಾ ಹೊಳೆಗೆ ಒಯ್ದಿತು, ಅಲ್ಲಿಂದ ಮುಂದೆ ಉಪ್ಪುನೀರು. ಫೋಟೊ ಮಾತ್ರ ಉಳಿಯಿತು.

ಆಮೇಲೆ ಅರ್ಥವಾದದ್ದು ಏನಂದ್ರೆ, ತೋಡಿನಲ್ಲಿ ಮೀನು ಕಡಿಮೆಯಾದದ್ದು ಮರಿ ಕಡಿಮೆಯಾಗಿ ಅಲ್ಲ. ಮೀನು ಹತ್ತುವ ದಾರಿ ಮುಚ್ಚಿದೆ, ಬೇಸಿಗೆಯಲ್ಲಿ ನಿಲ್ಲಲು ನೀರಿಲ್ಲ, ಮಳೆಗಾಲದಲ್ಲಿ ಔಷಧಿ ಬೀಳುತ್ತದೆ. ಈ ಮೂರರಲ್ಲಿ ಒಂದೂ ಮೀನು ಹಿಡಿಯುವವರ ಕೈಯಲ್ಲಿಲ್ಲ. ಹಾಗಾಗಿ ಪ್ಲಾನ್ ಮಾಡಲು ಗಾಳ ಹಾಕುವವರಷ್ಟೇ ಕೂತರೆ ಏನೂ ಆಗದು. ಯಾವತ್ತೂ ಮೀನು ಹಿಡಿಯದವರು, ಮೀನು ತಿನ್ನದವರೂ ಬಂದು ಕೂರಬೇಕು. ಅದನ್ನು ಮಾಡುವುದು ಹೇಗೆ ಅಂತ ನಮ್ಮ ಕಡೆಯ ಲೆಕ್ಕದಲ್ಲೇ ಬರೆಯುತ್ತೇನೆ. ಕಾಸರಗೋಡಿನಲ್ಲಿ 12 ಹೊಳೆಗಳಿವೆ, ಅವಕ್ಕೆ ಸೇರುವ ತೋಡು, ಕೆರೆಯ ಹಾಗೆ ನೀರು ನಿಲ್ಲುವ ಮದಕ, ಪಳ್ಳಗಳಿಗೆ ಲೆಕ್ಕವೇ ಇಲ್ಲ. ಬದಿಯಡ್ಕದಲ್ಲಾದರೂ ಮಂಜೇಶ್ವರದಲ್ಲಾದರೂ ಕೆಲಸ ಹೆಚ್ಚು ಕಡಿಮೆ ಇದೇ.

ಮೊದಲು ನಡೆಯಿರಿ

ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ ಒಂದು ಭಾನುವಾರ ಇಟ್ಟುಕೊಳ್ಳಿ. ನಾಲ್ಕೈದು ಜನ ಸಾಕು. ತೋಡು ಹೊಳೆಗೆ ಸೇರುವಲ್ಲಿಂದ ಶುರು ಮಾಡಿ ಮೇಲಕ್ಕೆ ನಡೆಯಿರಿ. ಮಳೆಗಾಲದಲ್ಲಿ ಎಲ್ಲ ಕಡೆ ನೀರೇ ಕಾಣುತ್ತದೆ, ಆಗ ನೋಡಿ ಪ್ರಯೋಜನ ಇಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬಿದ್ದರೂ ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಮೀನಿಗೆ ಕಷ್ಟದ ಕಾಲ ಮಾರ್ಚ್, ಎಪ್ರಿಲ್, ಮೇ. ಆ ಮೂರು ತಿಂಗಳು ಅದು ಎಲ್ಲಿ ಜೀವ ಹಿಡಿದುಕೊಳ್ಳುತ್ತದೆ ಅಂತ ಹುಡುಕುವುದೇ ಈ ನಡಿಗೆಯ ಉದ್ದೇಶ.

ಕಯ, ಅಂದರೆ ಬೇಸಿಗೆಯಲ್ಲೂ ನೀರು ನಿಲ್ಲುವ ಆಳದ ಗುಂಡಿ, ಎಲ್ಲೆಲ್ಲಿದೆ ಅಂತ ಗುರುತು ಹಾಕಿ. ಕೋಲು ಇಳಿಸಿ ಆಳ ನೋಡಿ. ಕಲ್ಲು ಮಣ್ಣಿನ ಕಟ್ಟ ಎಷ್ಟು, ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟು ಎಷ್ಟು, ಅದರಲ್ಲಿ ಹಲಗೆ ಇನ್ನೂ ಇದೆಯಾ, ಪಂಪ್‌ಸೆಟ್ ಎಷ್ಟು, ಬಟ್ಟೆ ಒಗೆಯುವ ಕಲ್ಲು ಎಲ್ಲಿ, ಯಾರ ಮನೆಯ ಪೈಪು ತೋಡಿಗೆ ಇಳಿದಿದೆ, ಎಲ್ಲವನ್ನೂ ಬರೆದುಕೊಳ್ಳಿ. ಫೋನಿನ ಮ್ಯಾಪಿನಲ್ಲಿ ಪಿನ್ ಹಾಕಿದರೆ ಒಳ್ಳೆಯದು. ಆದರೆ ಮೀಟಿಂಗಿಗೆ ಒಂದು ದೊಡ್ಡ ಕಾಗದದಲ್ಲಿ ಕೈಯಲ್ಲೇ ಬರೆದ ನಕ್ಷೆ ಬೇಕು. ಹಿರಿಯರು ಫೋನಿನಲ್ಲಿ ಇಣುಕುವುದಿಲ್ಲ. ಕಾಗದ ಹಾಸಿದರೆ ಬೆರಳಿಟ್ಟು "ಇಲ್ಲಿ ಅಲ್ಲ ಮಾರಾಯ, ಇನ್ನೂ ಮೇಲೆ" ಅಂತ ತಾವೇ ತಿದ್ದುತ್ತಾರೆ.

ನಡೆಯುವಾಗ ಒಬ್ಬ ಅಜ್ಜನೋ ಅಜ್ಜಿಯೋ ಜೊತೆಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲು ಯಾವ ಮೀನು ಇತ್ತು, ಯಾವುದು ಕಾಣದೆ ಎಷ್ಟು ವರ್ಷ ಆಯಿತು ಅಂತ ಕೇಳಿ. ಹೆಸರು ಬರೆಯುವಾಗ ತುಳು, ಕನ್ನಡ, ಮಲಯಾಳ ಮೂರನ್ನೂ ಬರೆಯಿರಿ. ನಾವು ಇರ್ಪೆ ಅನ್ನುವುದನ್ನು ಮೀನುಗಾರಿಕೆ ಇಲಾಖೆಯ ಮತ್ಸ್ಯಭವನದಲ್ಲಿ ಕರಿಮೀನ್ ಅಂದರೆ ಮಾತ್ರ ಗೊತ್ತಾಗುತ್ತದೆ, ನಮ್ಮ ಮಡೆಂಜಿ ಅವರಿಗೆ ಬ್ರಾಲ್. ಹೆಸರಿನ ಗೊಂದಲದಲ್ಲೇ ಅರ್ಜಿ ಎರಡು ಸಲ ವಾಪಸ್ ಬಂದದ್ದಿದೆ.

ಯಾರನ್ನು ಕೂರಿಸಬೇಕು

ಪಂಚಾಯತ್, ಮತ್ಸ್ಯಭವನ, ಶಾಲೆ, ಕ್ಲಬ್ಬು, ಹೆಂಗಸರ ಸಂಘಗಳ ಕುಟುಂಬಶ್ರೀ, ಇವರನ್ನು ಕರೆಯುವುದು ಎಲ್ಲರಿಗೂ ಹೊಳೆಯುತ್ತದೆ. ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಮರೆಯುವವರೇ ಜಾಸ್ತಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಅದು ಇರಬೇಕು. ನೀವು ಬರೆದ ಮೀನಿನ ಪಟ್ಟಿಯನ್ನು ಅವರ ರಿಜಿಸ್ಟರಿಗೆ ಸೇರಿಸಿದರೆ, ನಾಳೆ ಯಾರಾದರೂ "ಈ ತೋಡಿನಲ್ಲಿ ಏನಿದೆ, ಬರೀ ಕೆಸರು" ಅಂದಾಗ ತೋರಿಸಲು ಒಂದು ಕಾಗದ ಇರುತ್ತದೆ.

ಆದರೆ ಮುಖ್ಯವಾಗಿ ಬರಬೇಕಾದವರು ಅಡಿಕೆ ತೋಟದವರು. ಯಾಕೆ ಅಂತ ಒಂದು ಬೆಳಗಿನ ಕಥೆ ಹೇಳುತ್ತೇನೆ.

ತುಳುವಿನ ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟ್. ಎರಡು ದಿನ ಮಳೆ ಬಿಟ್ಟಿತ್ತು. ಮಳೆ ಬಿಟ್ಟರೆ ಎಲ್ಲ ತೋಟಗಳಲ್ಲೂ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಬ್ಬರು ನೀಲಿ ಡ್ರಮ್ಮು, ಪಂಪು, ಓಸು ಎಲ್ಲವನ್ನೂ ತೋಡಿಗೆ ಇಳಿಸಿ ತೊಳೆದರು. ತಳದಲ್ಲಿ ಉಳಿದಿದ್ದ ಮೈಲುತುತ್ತಿನ ಮದ್ದು ನೀರಿಗೆ ಸೇರುವಾಗ ತಿಳಿನೀಲಿ ಹೊಗೆಯ ಹಾಗೆ ಹರಡಿತು, ನೋಡಲು ಚಂದವೇ ಇತ್ತು. ಸಂಜೆ ಕೆಳಗಿನ ಕಯದ ಹತ್ತಿರ ಹೋದರೆ ಬೆರಳುದ್ದದ ಮರಿಗಳು ಹೊಟ್ಟೆ ಮೇಲಾಗಿ ತೋಡಿನ ಬದಿಯ ಮುಂಡೇವಿನ (ಕೇದಗೆಯ ಜಾತಿಯ ಮುಳ್ಳುಗಿಡದ) ಬೇರಿಗೆ ಸಿಕ್ಕಿಕೊಂಡಿದ್ದವು. ಏಡಿಗಳು ನೀರು ಬಿಟ್ಟು ಕಲ್ಲು ಹತ್ತಿ ಕೂತಿದ್ದವು. ತೊಳೆದವರು ಕೆಟ್ಟವರೇನೂ ಅಲ್ಲ. ಅವರಿಗೆ ಗೊತ್ತೇ ಇರಲಿಲ್ಲ.

ಆ ಮದ್ದು ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅದರಲ್ಲಿರುವ ತಾಮ್ರ ಮೀನಿನ ಕಿವಿರಿಗೆ ವಿಷ. ಗಡುಸು ನೀರಿನಲ್ಲಾದರೆ ಅದರ ಜೋರು ಸ್ವಲ್ಪ ಕಡಿಮೆ. ನಮ್ಮ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ನೆಲದ, ನೀರು ಮೆದು ನೀರು, ಹಾಗಾಗಿ ಸ್ವಲ್ಪ ತಾಮ್ರವೂ ಜಾಸ್ತಿ ಕೆಲಸ ಮಾಡುತ್ತದೆ. ಪರಿಹಾರ ಕಷ್ಟದ್ದಲ್ಲ. ತೋಡಿನಿಂದ ಕನಿಷ್ಠ ಐವತ್ತು ಅಡಿ ದೂರದಲ್ಲಿ ಎರಡು ಅಡಿಯ ಒಂದು ಗುಂಡಿ, ತಳಕ್ಕೆ ಸುಣ್ಣ. ಡ್ರಮ್ಮು ಅಲ್ಲೇ ತೊಳೆಯುವುದು, ಉಳಿದ ಮದ್ದನ್ನು ಕಾಳುಮೆಣಸಿನ ಬಳ್ಳಿಗೆ ಬಿಡುವುದು. ಮದ್ದು ಬಿಡುವ ಕೆಲಸದವರಿಗೆ ಇದನ್ನು ನೇರವಾಗಿ ಹೇಳಬೇಕು, ಯಜಮಾನರಿಗೆ ಮಾತ್ರ ಹೇಳಿದರೆ ಆಗದು. ಡ್ರಮ್ಮು ತೊಳೆಯುವುದು ಯಜಮಾನರಲ್ಲ ಅಲ್ವಾ.

ಎಂಡೋಸಲ್ಫಾನ್ ಕಂಡ ಊರು ನಮ್ಮದು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ತಡೆದದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಮದ್ದು ನೀರಿಗೆ ಬಿದ್ದರೆ ಏನಾಗುತ್ತದೆ ಅಂತ ಇಲ್ಲಿ ಯಾರಿಗೂ ಉಪನ್ಯಾಸ ಬೇಡ. ಬೈಯದೆ ಹೇಳಿದರೆ ಕೇಳುತ್ತಾರೆ.

ಮೀಟಿಂಗ್

ಪಂಚಾಯತ್ ಹಾಲಿನಲ್ಲಿ ಬೇಡ. ಭಜನಾ ಮಂದಿರದ ಜಗಲಿ, ಶಾಲೆಯ ವರಾಂಡ, ಹಾಲಿನ ಸೊಸೈಟಿ, ಎಲ್ಲರೂ ಸಲೀಸಾಗಿ ಬಂದು ಹೋಗುವ ಜಾಗ ಆಗಬೇಕು. ಅಡಿಕೆ ಕೊಯ್ಲಿನ ದಿನ, ಕೋಲ ಇರುವ ದಿನ ಬಿಟ್ಟು ಇಡಿ. ಮೊದಲ ಮೀಟಿಂಗಿನಲ್ಲಿ ನಿರ್ಧಾರ ಏನೂ ಬೇಡ, ನಕ್ಷೆ ಹಾಸಿ ಬರೀ ಕೇಳಿಸಿಕೊಳ್ಳಿ. ಎರಡನೆಯದರಲ್ಲಿ ಮೂರೇ ಮೂರು ಕೆಲಸ ಆರಿಸಿ. ಹತ್ತು ಕೆಲಸ ಬರೆದ ಪ್ಲಾನು ಕಪಾಟಿನಿಂದ ಹೊರಗೆ ಬರುವುದಿಲ್ಲ, ಇದು ನನ್ನ ಅನುಭವ.

ನಿರ್ಣಯ ಒಂದು ಪುಟದಲ್ಲಿರಲಿ, ಕನ್ನಡದಲ್ಲೂ ಮಲಯಾಳದಲ್ಲೂ. ಪ್ರತಿ ಕೆಲಸದ ಎದುರು ಒಬ್ಬರ ಹೆಸರು, ಒಂದು ತಾರೀಕು. "ಸಮಿತಿಯವರು ಮಾಡುವುದು" ಅಂತ ಬರೆದರೆ ಯಾರೂ ಮಾಡುವುದಿಲ್ಲ. ಅರ್ಜಿಯನ್ನು ಕನ್ನಡದಲ್ಲೇ ಕೊಡಲು ಭಾಷಾ ಅಲ್ಪಸಂಖ್ಯಾತರಾದ ನಮಗೆ ಹಕ್ಕಿದೆ. ಕೊಡಿ. ಆದರೆ ಫೈಲು ಬೇಗ ಓಡಬೇಕಾದರೆ ಮಲಯಾಳದ ಒಂದು ಪ್ರತಿ ಪಿನ್ ಮಾಡಿಟ್ಟರೆ ನಷ್ಟವೇನಿಲ್ಲ.

ಕಟ್ಟ, ಕಿಂಡಿ, ಪತ್ತನಾಜೆ

ಇದು ನನ್ನ ಲೆಕ್ಕದಲ್ಲಿ ಇಡೀ ಪ್ಲಾನಿನ ಹೊಟ್ಟೆ. ನಮ್ಮ ಕಡೆ ನವೆಂಬರ್-ಡಿಸೆಂಬರಿನಲ್ಲಿ ಕಲ್ಲು ಮಣ್ಣಿನ ಕಟ್ಟ ಹಾಕಿ ನೀರು ನಿಲ್ಲಿಸುವುದು ಹಳೆಯ ಕ್ರಮ, ಏತಡ್ಕದ ಕಡೆ ಸಾಲು ಕಟ್ಟಗಳು ಹೆಸರಾದದ್ದು ಗೊತ್ತೇ ಇದೆ. ಕಟ್ಟ ಮೀನಿಗೆ ಒಳ್ಳೆಯದೇ, ಬೇಸಿಗೆಗೆ ನೀರು ಸಿಗುತ್ತದೆ. ಮಳೆಗೆ ಅದು ತಾನೇ ಒಡೆದು ಹೋಗುವುದರಿಂದ ದಾರಿಯೂ ತೆರೆಯುತ್ತದೆ. ತೊಂದರೆ ಇರುವುದು ಕಾಂಕ್ರೀಟಿನ ಕಿಂಡಿ ಅಣೆಕಟ್ಟಿನಲ್ಲಿ. ಹಲಗೆ ಹಾಕುವ ದಿನ ಎಲ್ಲರೂ ಇರುತ್ತಾರೆ, ತೆಗೆಯುವ ದಿನ ಯಾರೂ ಇರುವುದಿಲ್ಲ.

ಮೊದಲ ಮಳೆಗೆ ಮೀನು ಮೊಟ್ಟೆ ಇಡಲು ಮೇಲಕ್ಕೆ ಹತ್ತುತ್ತದೆ, ಗದ್ದೆಗೆ, ಕೈತೋಡಿಗೆ, ಹುಲ್ಲಿನ ಬದಿಗೆ. ತುಳುವಿನಲ್ಲಿ ಉಬರ್, ಮಲಯಾಳದಲ್ಲಿ ಊತ್ತ. ಹಲಗೆ ಇದ್ದರೆ ಮೀನು ಅಲ್ಲೇ ತಲೆ ಬಡಿದುಕೊಂಡು ನಿಲ್ಲುತ್ತದೆ, ಮತ್ತೆ ಬಲೆ, ಕತ್ತಿ, ಟಾರ್ಚು ಹಿಡಿದು ಬರುವವರಿಗೆ ಹಬ್ಬ. ಮೊಟ್ಟೆ ತುಂಬಿದ ಒಂದು ಮುಗುಡು ಹಿಡಿದರೆ ಸಾವಿರಾರು ಮರಿ ಹೋದ ಹಾಗೆ. ನಾನೂ ಚಿಕ್ಕಂದಿನಲ್ಲಿ ಹೋದವನೇ, ಆ ರಾತ್ರಿಗಳ ಖುಷಿ ಬೇರೆಯೇ. ಆದರೆ ಆಗ ಗದ್ದೆಯೂ ಇತ್ತು, ಹತ್ತು ಮೀನಿನಲ್ಲಿ ಒಂಬತ್ತು ತಪ್ಪಿಸಿಕೊಳ್ಳುತ್ತಿದ್ದವು. ಈಗ ದಾರಿಯೇ ಎರಡಡಿ ಅಗಲದ ಕಾಂಕ್ರೀಟ್ ಚರಂಡಿ.

ಹಾಗಾಗಿ ಪತ್ತನಾಜೆಯನ್ನು ಗಡುವು ಮಾಡಿಕೊಳ್ಳಿ. ತುಳುವಿನ ಬೇಷ ತಿಂಗಳ ಹತ್ತು, ಅಂದರೆ ಮೇ 24ರ ಸುಮಾರಿಗೆ ಬರುತ್ತದೆ. ಅವತ್ತು ಕೋಲ, ನೇಮ ನಿಲ್ಲುವುದು ಎಲ್ಲರಿಗೂ ನೆನಪಿರುವ ಲೆಕ್ಕ, ಅದರ ಜೊತೆ ಹಲಗೆಯನ್ನೂ ಕಟ್ಟಿಬಿಡಿ. "ಮೇ 25ರ ಒಳಗೆ" ಅಂದರೆ ಮರೆಯುತ್ತದೆ, "ಪತ್ತನಾಜೆಗೆ ಹಲಗೆ ಮೇಲೆ" ಅಂದರೆ ಮರೆಯದು. ಹಲಗೆ ಇಡಲು ಒಂದು ಶೆಡ್ಡು, ಕೀಲಿಕೈ ಇಬ್ಬರ ಹತ್ತಿರ.

ಅಲ್ಲಿಂದ ಆಟಿ ಮುಗಿಯುವವರೆಗೆ ಕೈತೋಡುಗಳಲ್ಲಿ ಬಲೆ, ಗೂಡು, ಗಾಳ ಯಾವುದೂ ಬೇಡ ಅಂತ ಊರಿನ ಮಾತು ಮಾಡಿ. ಕಡಲಿನಲ್ಲಿ ಜೂನ್ 9ರ ರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಲ್ಲುವುದನ್ನು ನಾವೆಲ್ಲ ಒಪ್ಪಿದ್ದೇವೆ, ತೋಡಿಗೂ ಅದೇ ನ್ಯಾಯ. ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 14ರವರೆಗೆ, ಟ್ರೌಟ್-ಸಾಲ್ಮನ್ ಬಿಟ್ಟು ಉಳಿದ ಸಿಹಿನೀರಿನ ಮೀನಿಗೆ ಗಾಳ ಹಾಕುವ ಹಾಗಿಲ್ಲ, ಅವರ ಮೀನು ಮೊಟ್ಟೆ ಇಡುವ ಕಾಲ ಅದು. ಅಲ್ಲಿ ಗಾಳ ಹಾಕಲು 13 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು, ಆ ದುಡ್ಡು ಮತ್ತೆ ನದಿ ಮತ್ತು ಮೀನಿನ ಕೆಲಸಕ್ಕೇ ಹೋಗುತ್ತದೆ. ನಮ್ಮಲ್ಲಿ ಅಷ್ಟೆಲ್ಲ ಇಲ್ಲದಿದ್ದರೂ ಕ್ಲಬ್ಬಿನ ಹುಡುಗರು ವರ್ಷಕ್ಕೆ ತಲೆಗೆ ನೂರು ರೂಪಾಯಿ ಹಾಕಿದರೆ ಹಲಗೆ ರಿಪೇರಿಗೆ ಆಯಿತು.

ಹಲಗೆ ತೆಗೆದರೂ ಅಣೆಕಟ್ಟಿನ ಕೆಳಗೆ ನೀರು ಎತ್ತರದಿಂದ ಬೀಳುತ್ತಿದ್ದರೆ ಮೀನು ಹತ್ತುವುದಿಲ್ಲ. ಆಗ ಕೆಳಬದಿಗೆ ಕಾಡುಕಲ್ಲು ಜೋಡಿಸಿ ಇಳಿಜಾರು ಮಾಡಬೇಕು. 1 ಅಡಿ ಎತ್ತರಕ್ಕೆ ಕನಿಷ್ಠ 20 ಅಡಿ ಉದ್ದ ಅಂತ ಇಟ್ಟುಕೊಳ್ಳಿ, ನಡುನಡುವೆ ಮೀನು ದಣಿವಾರಿಸಲು ಗುಂಡಿ ಬಿಡಿ. ಸಿಮೆಂಟು ಬಳಿದು ನಯ ಮಾಡಬೇಡಿ, ಒರಟಾದಷ್ಟೂ ಒಳ್ಳೆಯದು. ಅಣೆಕಟ್ಟು ಇಲಾಖೆಯದ್ದಾದರೆ ಅನುಮತಿ ಇಲ್ಲದೆ ಕಲ್ಲು ಮುಟ್ಟಬೇಡಿ.

ಕಾನೂನು ಎಲ್ಲಿ ಬೇಕು, ಎಲ್ಲಿ ಬೇಡ

ಕೇರಳದಲ್ಲಿ 2010ರ ಒಳನಾಡು ಮೀನುಗಾರಿಕೆ ಮತ್ತು ಜಲಕೃಷಿ ಕಾಯ್ದೆ ಇದೆ. ತೋಟೆ (ಸಿಡಿಮದ್ದು) ಹಾಕುವುದು, ವಿಷ ಹಾಕುವುದು, ಕರೆಂಟು ಕೊಟ್ಟು ಹಿಡಿಯುವುದು ಎಲ್ಲವೂ ಅಪರಾಧ. ಊತ್ತ ಹಿಡಿದರೂ ದಂಡ, ಜೈಲು ಇದೆ. ಇದನ್ನು ಬೋರ್ಡಿನಲ್ಲಿ ಬರೆದು ಹಾಕಿ, ಆದರೆ ಪಕ್ಕದ ಮನೆಯ ಹುಡುಗ ಬಲೆ ಹಿಡಿದ ಮೊದಲ ದಿನವೇ ಪೊಲೀಸ್ ಕರೆದರೆ ನಿಮ್ಮ ಮುಂದಿನ ಮೀಟಿಂಗಿಗೆ ಜನ ಬರುವುದಿಲ್ಲ. ಹೊರಗಿನಿಂದ ರಾತ್ರಿ ಇನ್ವರ್ಟರ್ ಹೊತ್ತು ಬರುವವರಿಗೆ ಮಾತ್ರ ಕಾನೂನು ಸರಿ.

ಗಡಿಯಾಚೆ

ಪಯಸ್ವಿನಿ ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ, ಸುಳ್ಯ ದಾಟಿ ನಮ್ಮಲ್ಲಿಗೆ ಬಂದು ಚಂದ್ರಗಿರಿ ಆಗುತ್ತದೆ. ನೀರಿಗೆ ರಾಜ್ಯದ ಗಡಿ ಗೊತ್ತಿಲ್ಲ, ಆದರೆ ಫೈಲಿಗೆ ಗೊತ್ತು. ಆಚೆಯ ಪಂಚಾಯತಿಗೆ ಇಲ್ಲಿಂದ ಪತ್ರ ಬರೆದು ಕಾದರೆ ಮಳೆಗಾಲ ಎರಡು ಕಳೆಯುತ್ತದೆ. ಅದಕ್ಕಿಂತ ಸಂಬಂಧಿಕರ ಮೂಲಕ, ಸೊಸೈಟಿಯ ಮೂಲಕ ಮಾತಾಡುವುದೇ ವಾಸಿ. ಸುಳ್ಯದ ಕಡೆ ತೊಡಿಕಾನ ಮಲ್ಲಿಕಾರ್ಜುನ ದೇವಸ್ಥಾನದ ಹತ್ತಿರ ಹೊಳೆಯಲ್ಲಿ ದೇವರ ಮೀನು ನೋಡಿದ್ದೀರಲ್ಲ, ಪೆರುವೊಳು. ಯಾವ ಇಲಾಖೆಯ ಬೋರ್ಡೂ ಇಲ್ಲದ ಕಾಲದಿಂದ ಜನ ಅದನ್ನು ಮುಟ್ಟಿಲ್ಲ. ನಿಮ್ಮ ಊರಿನ ದೈವಸ್ಥಾನದ ಬದಿಗೂ ಒಂದು ಕಯ ಇದ್ದರೆ, ಅದನ್ನು ಯಾರೂ ಗಾಳ ಹಾಕದ ಜಾಗ ಅಂತ ಹಿರಿಯರ ಬಾಯಿಂದಲೇ ಹೇಳಿಸಿ. ಆದರೆ ಭಕ್ತಿ ಒಂದೇ ಕಾವಲು ಅಂತ ನಂಬಿ ಕೂರಬೇಡಿ. ಬೆಳ್ತಂಗಡಿ ಕಡೆಯ ಶಿಶಿಲದಲ್ಲಿ 1996ರಲ್ಲಿ ಕಿಡಿಗೇಡಿಗಳು ವಿಷ ಹಾಕಿ ದೇವರ ಮೀನುಗಳನ್ನೇ ಕೊಂದರು. ಸತ್ತ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕವೇ ಇದೆ.

ಗಾಳದವರ ಪಾಲು

ನಿಯಮ ಕಡಿಮೆ ಇರಲಿ. ದಿನಕ್ಕೆ ಒಬ್ಬರಿಗೆ ಇಷ್ಟೇ ಮೀನು ಅಂತ ಒಂದು ಲೆಕ್ಕ. ಬಿಡಬೇಕಾದ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ, ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ಆಮೇಲೆ ರೋಗ ಹತ್ತುತ್ತದೆ. ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಡಚಿದರೆ ಬಿಡಿಸುವುದು ಸುಲಭ. ಇನ್ನೊಂದು, ಮಡೆಂಜಿ ಮರಿ ಮಾಡಿದಾಗ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವ ಹಾಗೆ ಓಡಾಡುತ್ತದೆ, ಕೆಳಗೆ ತಾಯಿ ತಂದೆ ಕಾವಲು ಇರುತ್ತವೆ. ಆ ಗುಂಪಿನ ಮಧ್ಯಕ್ಕೆ ಗಾಳ ಎಸೆದರೆ ದೊಡ್ಡ ಮೀನು ಸಿಟ್ಟಿನಿಂದ ಕಚ್ಚುತ್ತದೆ, ಖಂಡಿತ ಸಿಗುತ್ತದೆ. ಅದಕ್ಕೇ ಹಾಗೆ ಎಸೆಯಬಾರದು. ದೊಡ್ಡದು ಹೋದ ಮೇಲೆ ಮರಿಗಳನ್ನು ಬೇರೆ ಮೀನು ತಿಂದು ಮುಗಿಸುತ್ತವೆ.

ಚಂದ್ರಗಿರಿಯ ಬದಿಯವರಿಗೆ ಇನ್ನೊಂದು ಜವಾಬ್ದಾರಿ. ಕ್ಯಾಂಟರ್ಸ್ ಅನ್ನುವ ಮೆದುಚಿಪ್ಪಿನ ದೈತ್ಯ ಆಮೆ ಈ ಹೊಳೆಯಲ್ಲಿದೆ, ಪ್ರಪಂಚದಲ್ಲೇ ಅಪರೂಪದ್ದು, ನಮ್ಮ ಜಿಲ್ಲೆ ಅದನ್ನು ತನ್ನ ಅಧಿಕೃತ ಪ್ರಾಣಿ ಅಂತ ಆರಿಸಿಕೊಂಡಿದೆ. ಮರಳಿನಲ್ಲಿ ಹೂತು ಕೂತಿರುತ್ತದೆ, ರಾತ್ರಿ ಬಿಟ್ಟು ಬರುವ ಸಾಲುಗಾಳಕ್ಕೆ ಸಿಕ್ಕಿಬೀಳುತ್ತದೆ. ಸಿಕ್ಕಿದರೆ ಜಗ್ಗಬೇಡಿ. ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ, ಒದ್ದೆ ಗೋಣಿ ಹೊದಿಸಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಕುತ್ತಿಗೆ ಉದ್ದಕ್ಕೆ ಚಾಚಿ ಕಚ್ಚುತ್ತದೆ, ಕೈ ಜೋಪಾನ.

ಪಂಚಾಯತಿನಲ್ಲಿ

ದುಡ್ಡು ಬೇಕಾದರೆ ಗ್ರಾಮಸಭೆಯ ಪುಸ್ತಕದಲ್ಲಿ ನಿಮ್ಮ ಬೇಡಿಕೆ ಬರಲೇಬೇಕು. ಸಭೆಗೆ ನೀವು ಹತ್ತಿಪ್ಪತ್ತು ಜನ ಒಟ್ಟಿಗೆ ಹೋಗಿ. ನಂತರ ಮೀನುಗಾರಿಕೆ ನೋಡುವ ವರ್ಕಿಂಗ್ ಗ್ರೂಪಿನಲ್ಲಿ ಯಾರಾದರೂ ಒಬ್ಬರು ಕೂರಿ, ಅಲ್ಲಿಂದ ಪಂಚಾಯತಿನ ಯೋಜನೆ ಚರ್ಚಿಸುವ ವಿಕಸನ ಸೆಮಿನಾರ್, ಆಮೇಲೆ ಜಿಲ್ಲಾ ಯೋಜನಾ ಸಮಿತಿ. ಉದ್ಯೋಗ ಖಾತ್ರಿಯಲ್ಲಿ ಮದಕದ ಹೂಳು ತೆಗೆಸಬಹುದು, ಬದಿಗೆ ತೆಂಗಿನ ನಾರಿನ ಹಾಸು ಹಾಕಿಸಬಹುದು. ಆದರೆ "ತೋಡು ಶುಚೀಕರಣ" ಅಂತ ಜೆಸಿಬಿ ಇಳಿಸಲು ಬಂದರೆ ಅಡ್ಡ ನಿಲ್ಲಿ. ಅದು ಎರಡು ಗಂಟೆಯಲ್ಲಿ ಕಯ, ಕಲ್ಲು, ಮುಂಡೇವು ಎಲ್ಲ ಬಳಿದು ತೋಡನ್ನು ಚರಂಡಿ ಮಾಡಿ ಹೋಗುತ್ತದೆ. ಪ್ಲಾಸ್ಟಿಕ್ ತೆಗೆಯಲಿ, ಬೇರು ಬಿಡಲಿ.

ಈಗ ಮೀನು ಬಿಡುವ ವಿಷಯ

ಹರಿಯುವ ತೋಡಿಗೆ ಹೊರಗಿನ ಮರಿ ಬಿಡಬೇಡಿ. ಕಾಟ್ಲಾ, ರೋಹು, ಮೃಗಾಲ್ ಉತ್ತರದ ನದಿಗಳ ಮೀನು, ಅವು ಮದಕಕ್ಕೆ, ಕೆರೆಗೆ ಸರಿ. ಆಫ್ರಿಕನ್ ಮುಗುಡು, ಅಕ್ವೇರಿಯಂನ ಟ್ಯಾಂಕ್ ಕ್ಲೀನರ್ ಮೀನು ಎಲ್ಲಿಗೂ ಬೇಡ. 2018ರ ಪ್ರವಾಹದ ನಂತರ ಕೇರಳದ ಹೊಳೆಗಳಲ್ಲಿ ದಕ್ಷಿಣ ಅಮೆರಿಕದ ಅರಪೈಮಾ ಬಲೆಗೆ ಬಿದ್ದದ್ದು ನೆನಪಿದೆಯಲ್ಲ, ಯಾರದೋ ಟ್ಯಾಂಕಿನಿಂದ ಬಂದದ್ದು.

ಮದಕಕ್ಕೆ ಬಿಡುವುದಾದರೆ ಮೊದಲು ಹೊರಗೆ ಹೋಗುವ ಬಾಯಿಗೆ ಬಲೆ. ನೀರಿನ ಪಿಹೆಚ್ ನೋಡಿ, 6.5ಕ್ಕಿಂತ ಕೆಳಗಿದ್ದರೆ ಒಂದು ಸೆಂಟ್ ಜಾಗದ ನೀರಿಗೆ ಒಂದು ಕಿಲೋ ಸುಣ್ಣ ಹಾಕಿ ಒಂದೆರಡು ವಾರ ಬಿಡಿ. ಮುರಕಲ್ಲಿನ ನೀರು ಹುಳಿ ಇರುವುದೇ ಹೆಚ್ಚು. ಸ್ಟೀಲ್ ಪ್ಲೇಟಿಗೆ ಕಪ್ಪು ಬಿಳಿ ಬಣ್ಣ ಹಚ್ಚಿ ಹಗ್ಗದಲ್ಲಿ ಇಳಿಸಿ, 25ರಿಂದ 40 ಸೆಂಟಿಮೀಟರ್ ಆಳದಲ್ಲಿ ಮಾಯವಾದರೆ ನೀರಿನಲ್ಲಿ ಮೀನಿಗೆ ತಿನ್ನಲು ಇದೆ ಅಂತ ಅರ್ಥ. ಸೆಂಟಿಗೆ 20 ಮರಿ ಸಾಕು, ಕಾಟ್ಲಾ ನಾಲ್ಕು ಪಾಲು, ರೋಹು ಮೂರು, ಮೃಗಾಲ್ ಮೂರು. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಜಗಳ ಇಲ್ಲ. ಮರಿ ಬೆರಳುದ್ದ ಇರಲಿ. ಚೀಲವನ್ನು ಇಪ್ಪತ್ತು ನಿಮಿಷ ನೀರಿನಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪ ಕೆರೆಯ ನೀರು ಸೇರಿಸಿ, ಅವು ತಾವೇ ಈಜಿ ಹೋಗಲು ಬಿಡಿ. ಸುರಿಯಬೇಡಿ. ಬೆಳಿಗ್ಗೆ ಅಥವಾ ಸಂಜೆ ಮಾತ್ರ, ಫೋಟೊದವರು ಮಧ್ಯಾಹ್ನ ಬಂದರೂ ಸರಿಯೇ.

ಪುಸ್ತಕ, ಮತ್ತೆ ಬಾಟಲಿ

ಕೆಲಸ ಫಲ ಕೊಟ್ಟಿತಾ ಅಂತ ತಿಳಿಯಲು ಗೂಡಂಗಡಿಯಲ್ಲಿ ಒಂದು ನೋಟ್‌ಬುಕ್ ಕಟ್ಟಿಡಿ. ಗಾಳ ಹಾಕಿದವರು ಎಷ್ಟು ಗಂಟೆ ಕೂತರು, ಏನು ಸಿಕ್ಕಿತು ಅಂತ ಬರೆಯಬೇಕು. ಏನೂ ಸಿಗದಿದ್ದರೂ ಬರೆಯಬೇಕು, ಇದು ಮುಖ್ಯ. ಆರು ಗಂಟೆಗೆ ಮೂರು ಮೀನು ಅಂದರೆ ಗಂಟೆಗೆ ಅರ್ಧ. ಮುಂದಿನ ವರ್ಷ ಅದೇ ತಿಂಗಳು ಅದೇ ಲೆಕ್ಕ ಹಾಕಿ ನೋಡಿ. ಸಿಕ್ಕಿದ್ದನ್ನು ಮಾತ್ರ ಬರೆದರೆ ಎಲ್ಲ ವರ್ಷವೂ ಚೆನ್ನಾಗಿಯೇ ಕಾಣುತ್ತದೆ.

ಮೀನು ಸತ್ತು ತೇಲಿದರೆ ಮೊದಲು ಗಂಟೆ ನೋಡಿ. ಕೆರೆಯಲ್ಲಿ ನಸುಕಿಗೆ ದೊಡ್ಡ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕದ ಕೊರತೆ ಇರಬಹುದು, ಪಂಪಿನಿಂದ ನೀರು ಎತ್ತಿ ಅದಕ್ಕೇ ಚಿಮ್ಮಿಸಿ. ತೋಡಿನಲ್ಲಿ ಹಗಲು ಹೊತ್ತು, ಸಣ್ಣದು ದೊಡ್ಡದು, ಸಿಗಡಿ ಏಡಿ ಎಲ್ಲ ಒಟ್ಟಿಗೆ ಸತ್ತಿದ್ದರೆ ವಿಷದ ಅನುಮಾನ. ಆಗ ಎರಡು ಚೊಕ್ಕ ಬಾಟಲಿಯಲ್ಲಿ ಬಾಯಿಮಟ್ಟ ನೀರು ತುಂಬಿ, ಒಂದು ಸತ್ತ ಜಾಗದ್ದು, ಇನ್ನೊಂದು ಅದಕ್ಕೂ ಮೇಲಿನ, ಮೀನು ಬದುಕಿರುವ ಜಾಗದ್ದು. ಆಗ ತಾನೇ ಸತ್ತ ನಾಲ್ಕೈದು ಮೀನನ್ನೂ ಐಸಿನಲ್ಲಿಡಿ. ಬಾಟಲಿಯ ಮೇಲೆ ಜಾಗ, ತಾರೀಕು, ಗಂಟೆ ಬರೆದು ಅಂಟಿಸಿ, ಪಂಚಾಯತಿಗೂ ಮತ್ಸ್ಯಭವನಕ್ಕೂ ಅವತ್ತೇ ತಿಳಿಸಿ. ನಾವು ಆ ಆಟಿಯ ಸಂಜೆ ಬರೀ ಫೋಟೊ ತೆಗೆದು ಮನೆಗೆ ಬಂದಿದ್ದೆವು. ರಾತ್ರಿ ಮಳೆ ಬಂತು, ಬೆಳಿಗ್ಗೆ ಹೋದರೆ ತೋಡು ತೊಳೆದಿಟ್ಟ ಹಾಗೆ ಹರಿಯುತ್ತಿತ್ತು.